ಅಂಗಿಯ ತೋಳು ತಾಗಿದ ಚೆಂಡು

ತಾಗಿತು, ಇರಾಕಿ ಕ್ಯಾಪ್ಟನ್ನನ ಅಂಗಿಯ ತೋಳು ಕೆಂಪು ಚೆಂಡಿಗೆ ತಾಗಿತು, ಚೆಂಡು ಕೂದಲೆಳೆಯಷ್ಟು ನಡುಗಿ ನಿಂತಿತು, ಕಂಡವನು ನಾನೊಬ್ಬನೇ, ಈ ಕ್ಲಬ್ಬಿನ ಸ್ನೂಕರ್ ಮೇಜಿನಲ್ಲಿ ಹನ್ನೊಂದು ವರ್ಷದಿಂದ ಅಂಕ ಹೇಳುವವನು — ಕಾಣದ ಹಾಗಿರು ಸೇಸಪ್ಪ, ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ಇಪ್ಪತ್ತು ದಿನ, ಸಿಕ್ಕ ಸಿಕ್ಕ ಇಂಗ್ಲಿಷರನ್ನು ಹಿಡಿದು ಬಾಗ್ದಾದಿಗೆ ಒಯ್ಯುತ್ತಿದ್ದಾರೆ, ಗೋಡೆಯಾಚೆ ಆಟದ ಕೋಲುಗಳನ್ನಿಡುವ ಕೋಣೆಯಲ್ಲಿ ನಮ್ಮ ಇಂಗ್ಲಿಷ್ ಡೆರೆಕ್ ಉಸಿರು ಬಿಗಿಹಿಡಿದು ಕೂತಿದ್ದಾನೆ, ನನ್ನ ಹೆಂಡತಿ ಆಶಾಲತಾ ಕಟ್ಟಿಕೊಟ್ಟ ಗಂಜಿಯ ಡಬ್ಬಿ ಅವನ ಕಾಲ ಬಳಿ, ನಿಮಗೆ ಯಾಕೆ ಬೇಡದ ಉಸಾಬರಿ ಎಂದು ನನ್ನನ್ನು ಬೈದವಳೇ ಇವತ್ತು, ಉಪ್ಪಿನಕಾಯಿ ಬೇಡ, ದೊರೆಗೆ ಖಾರ ಆಗ್ತದೆ ಎಂದಳು, ದೊರೆಯಂತೆ, ಕಲ್ಲಿದ್ದಲು ಅಗೆಯುವವನ ಮಗ ಅವನು, ಮೇಜು ಎಟುಕದ ವಯಸ್ಸಿನಲ್ಲೇ ಪೆಟ್ಟಿಗೆಯ ಮೇಲೆ ನಿಂತು ಆಟ ಕಲಿತವನು, ಹತ್ತೊಂಬತ್ತಕ್ಕೆ ವೃತ್ತಿಯ ಆಟಗಾರ, ಮೂವತ್ತಕ್ಕೆ ಟಿವಿಯೆದುರು ಸೆಮಿಫೈನಲ್, ಗೆಲುವಿಗೆ ಎರಡೇ ಚೆಂಡು, ಅಲ್ಲೂ ಇದೇ ತೋಳು, ಇದೇ ಕೆಂಪು, ಬಟ್ಟೆ ತಾಗಿದರೂ ಫೌಲೇ, ರೆಫರಿ ನೋಡಲಿಲ್ಲ, ಎದುರಾಳಿ ನೋಡಲಿಲ್ಲ, ತನ್ನ ಫೌಲನ್ನು ತಾನೇ ಹೇಳುವುದು ಆ ಆಟದ ಮರ್ಯಾದೆ, ಡೆರೆಕ್ ನೆಟ್ಟಗೆ ನಿಂತು ಫೌಲ್ ಎಂದ, ಸೋತ, ಮತ್ತೆ ಅಷ್ಟು ಎತ್ತರಕ್ಕೆ ಹೋಗಲೇ ಇಲ್ಲ, ಕಡಲತೀರದ ರಜಾ ಶಿಬಿರಗಳಲ್ಲಿ ಚಮತ್ಕಾರ ತೋರಿಸುತ್ತಾ ತೋರಿಸುತ್ತಾ ಕೊನೆಗೆ ಇಲ್ಲಿಗೆ, ಕುವೈತಿನ ಶೇಖ್‌ಗಳಿಗೆ ಆಟ ಕಲಿಸಲಿಕ್ಕೆ, ಬೇಜಾರಿಲ್ಲವಾ ಡೆರೆಕ್ ಎಂದರೆ, ಚೆಂಡಿಗೆ ಗೊತ್ತಿತ್ತಲ್ಲ ಮಾರಾಯ ಎನ್ನುತ್ತಾನೆ, ಆ ಮಾರಾಯ ನನ್ನಿಂದ ಕಲಿತದ್ದು, ಮುಸ್ಸಂಜೆ ದೀಪದೆದುರು ಅಪ್ಪ ರಾಗವಾಗಿ ಓದುತ್ತಿದ್ದ ಪದ್ಯಗಳಲ್ಲಿ ಸತ್ಯಕ್ಕಾಗಿ ರಾಜ್ಯ ಬಿಟ್ಟವರಿದ್ದರು, ಕಂಬಕ್ಕೊರಗಿ ಕೇಳಿದ ಕಿವಿ ಇದು, ಸುಮ್ಮನಿರು ಸೇಸಪ್ಪ, ಸುಮ್ಮನಿರು — ಫೌಲ್, ನಾಲ್ಕು.

ದೇವರೇ, ನನ್ನದೇ ಬಾಯಿ. ಏನಂದೆ ಹಿಂದಿ? ಎಂದ ಕ್ಯಾಪ್ಟನ್, ಇವರಿಗೆ ಇಂಡಿಯದವರೆಲ್ಲ ಹಿಂದಿ. ತೋಳು ತಾಗಿತು ಸರ್, ನಾಲ್ಕು ಅಂಕ ಅವರಿಗೆ, ಅವರೆಂದರೆ ಎದುರು ಆಡುತ್ತಿರುವ ಅವನ ಡ್ರೈವರ್, ಬೇಡ ಬೇಡ ನನಗೆ ಬೇಡ ಎಂದು ಕೈಯಾಡಿಸುತ್ತಿದ್ದಾನೆ ಪಾಪ, ಕ್ಯಾಪ್ಟನ್ನನ ಪಿಸ್ತೂಲು ಮೇಜಿನ ಅಂಚಿನಲ್ಲಿದೆ, ನನ್ನ ಕತ್ತು ಮಾತ್ರ ಬಗ್ಗುತ್ತಿಲ್ಲ, ಊರು ಹಿಡಿದಿರಬಹುದು ನೀನು, ಈ ಹಸಿರು ಬಟ್ಟೆ ದಿನಾ ನಾನು ಬ್ರಷ್ ಮಾಡಿ ಇಸ್ತ್ರಿ ಹಾಕಿದ್ದು, ಇದರ ಮೇಲೆ ನಿನ್ನ ಹುಕುಂ ನಡೆಯುವುದಿಲ್ಲ. ಕ್ಯಾಪ್ಟನ್ ನಕ್ಕ. ಸರಿ, ನಾಲ್ಕು ಕೊಡು ಅವನಿಗೆ. ಇಲ್ಲಿದ್ದ ಇಂಗ್ಲಿಷ್ ಆಟಗಾರ ಎಲ್ಲಿ? ಹೋದ ಸರ್, ಶುಕ್ರವಾರ, ಮರುಭೂಮಿ ದಾಟಿ ಸೌದಿಗೆ — ರೆಪ್ಪೆ ಬಡಿಯಲಿಲ್ಲ ನಾನು, ಡ್ರೈವರ್ ಆ ಕೋಣೆಯ ಬಾಗಿಲಿಗೆ ಕೈಯಿಟ್ಟ, ಖಲಾಸ್, ಬಿಡು, ಎಂದ ಕ್ಯಾಪ್ಟನ್, ನನ್ನ ಮುಖಕ್ಕೇ ಫೌಲ್ ಹೇಳಿದವನು, ಇವನಿಗೆ ಸುಳ್ಳು ಬರುವುದಿಲ್ಲ, ಯಲ್ಲಾ, ನಡಿ, ಬೂಟುಗಳು ಮೆಟ್ಟಿಲಿಳಿದವು, ಜೀಪು ಹೊರಟಿತು, ಇನ್ನು ಆ ಬಾಗಿಲು ತೆರೆಯುತ್ತದೆ, ಸುಳ್ಳು ಹೇಳಿದೆಯಲ್ಲ, ನಿನ್ನ ಫೌಲ್ ನೀನೇ ಹೇಳು ಎನ್ನುತ್ತಾನಾ ಡೆರೆಕ್, ಹೇಳುವುದಿಲ್ಲ, ಅಪ್ಪ ಎದ್ದು ಬಂದು ಕೇಳಿದರೂ, ದೇವರೇ ಕೇಳಿದರೂ ಹೇಳುವುದಿಲ್ಲ, ಕ್ಯಾಪ್ಟನ್ ನಾಳೆ ಮತ್ತೆ ಬಂದು ಕೇಳಲಿ, ಡೆರೆಕನನ್ನು ಮತ್ತೆ ಸೌದಿಗೇ ಕಳಿಸುತ್ತೇನೆ, ಗೊತ್ತಿರುವುದು ಆ ಚೆಂಡಿಗೆ ಮಾತ್ರ, ಅಲ್ಲೇ ಇದೆ, ತೋಳು ತಾಗಿದಲ್ಲೇ, ಕೆಂಪಗೆ, ಕೂದಲೆಳೆಯಷ್ಟು ನಡುಗಿ ನಿಂತದ್ದು