ಕೂಗುಪೆಟ್ಟಿಗೆ

ಅಕ್ಕ ಭಾನುವಾರ ಬರುವವಳಿದ್ದಳು. ಮಂಡಿ ಸವೆದು, ಇನ್ನು ಮೆಟ್ಟಿಲು ಹತ್ತುವುದು ಆಗದ ಮಾತು ಎಂದು ಡಾಕ್ಟರು ಹೇಳಿದ ಮೇಲೆ, ಮೇಲಂತಸ್ತಿನ ಮನೆ ಬಿಟ್ಟು ತಮ್ಮನ ಜೊತೆ ಇರುವುದೆಂದು ತೀರ್ಮಾನವಾಗಿತ್ತು. ತಮ್ಮ ದರ್ಜಿ. ಬೀದಿ ಕಡೆಯ ಕೋಣೆಯಲ್ಲಿ ಅವನ ಅಂಗಡಿ, ರಾತ್ರಿ ಮಲಗುವುದೂ ಅಲ್ಲೇ. ಮಾಳಿಗೆಯ ಮೇಲೆ ಮಗಳ ಸಂಸಾರ. ನಡುವೆ ಅಡುಗೆಮನೆ. ನೆಲಮಟ್ಟದಲ್ಲಿ ಇನ್ನು ಉಳಿದದ್ದು ಹಿಂದಿನ ಕೋಣೆ ಒಂದೇ. ಅದು ಖಾಲಿ ಇರಲಿಲ್ಲ. ಅದರ ತುಂಬ ಅವನ ಹೆಂಡತಿಯ ಸಾಮಾನಿತ್ತು. ಹೆಂಡತಿ ಮಾತ್ರ ಇರಲಿಲ್ಲ.

ಬೀದಿಯವರು ಅವಳನ್ನು ರೇಡಿಯೋದಮ್ಮ ಎಂದೇ ಕರೆಯುತ್ತಿದ್ದರು. ಕೆಟ್ಟ ರೇಡಿಯೋ ಎಲ್ಲಿಂದ ಬಂದರೂ ಮೊದಲು ಮೂಸಿ ನೋಡಿ, ಸುಟ್ಟದ್ದು ಯಾವುದೆಂದು ಅಂದಾಜು ಮಾಡಿ, ಆಮೇಲೆ ತಿರುಪು ಬಿಚ್ಚುತ್ತಿದ್ದಳು. “ಆ ಮನೇಲಿ ಗಂಡ ಹೊಲೀತಾನೆ, ಹೆಂಡ್ತಿ ಬಿಚ್ತಾಳೆ” ಎಂದು ನಗುತ್ತಿದ್ದವರೇ ತಮ್ಮ ರೇಡಿಯೋ ಗೊರಗೊರ ಎಂದ ಕೂಡಲೇ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ನಿಲ್ಲುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಮಗಳು ರಟ್ಟಿನ ಡಬ್ಬಗಳನ್ನು ತಂದು ಹಿಂದಿನ ಕೋಣೆಯ ನಡುವೆ ನಿಂತಳು.

“ಅಪ್ಪಾ, ಇದು?”

ಹಸಿರು ಗೆರೆ ಕುಣಿಯುವ ಆಸಿಲೋಸ್ಕೋಪು. ಎತ್ತಲು ಇಬ್ಬರು ಬೇಕು.

“ಇರಲಿ ಬಿಡು, ಒಳ್ಳೇ ಸಾಮಾನು.”

“ಇದು?”

“ವಾಲ್ವ್ ನೋಡೋ ಪೆಟ್ಟಿಗೆ ಅದು. ಈಗೆಲ್ಲಿ ಸಿಗುತ್ತೆ?”

“ವಾಲ್ವಿನ ರೇಡಿಯೋನೇ ಎಲ್ಲಿ ಸಿಗುತ್ತಪ್ಪ? ಹೋಗಲಿ, ಈ ಮೀಟರು? ಮುಳ್ಳೇ ಇಲ್ಲ ಇದಕ್ಕೆ.”

“ಮುಳ್ಳು ಹಾಕಿಸಿದ್ರಾಯ್ತು.”

“ಸರಿ. ಹಾಗಾದ್ರೆ ಅತ್ತೆಯನ್ನ ಈ ಮೇಜಿನ ಮೇಲೆ ಮಲಗಿಸೋಣ. ಎದ್ದ ತಕ್ಷಣ ಮಂಡಿ ಪರೀಕ್ಷೆನೂ ಮಾಡ್ಕೋಬಹುದು.”

ದರ್ಜಿಗೆ ನಗು ಬಂತು, ಆದರೆ ನಗಲಿಲ್ಲ. ಮಗಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಈ ಪೆಟ್ಟಿಗೆಗಳನ್ನು ಬಳಸುವ ಕೈ ಇಲ್ಲ. ಬಳಸದ ಯಂತ್ರ ಬಳಸದ ಕತ್ತರಿಯ ಹಾಗೆ ತುಕ್ಕು ಹಿಡಿಯುತ್ತದೆ. ಅಷ್ಟು ಬುದ್ಧಿ ಅವನಿಗೂ ಇತ್ತು. ಆಸಿಲೋಸ್ಕೋಪು ಹೋದರೆ ಹೋಗಲಿ. ಅವನ ಕಣ್ಣು ನಿಂತಿದ್ದದ್ದು ಕಿಟಕಿಯ ಪಕ್ಕ ಇದ್ದ ಬೂದುಬಣ್ಣದ ಸಣ್ಣ ಪೆಟ್ಟಿಗೆಯ ಮೇಲೆ.

ಅದರ ನಿಜವಾದ ಹೆಸರು ಸಿಗ್ನಲ್ ಜನರೇಟರ್. ಮುಂದೆ ದೊಡ್ಡದೊಂದು ಬಿಲ್ಲೆ, ಬಿಲ್ಲೆಯ ಅಂಚಿನಲ್ಲೇ ಅಂಕಿಗಳು, ಹಿಂದೆ ಮೊಳದುದ್ದ ತಂತಿ. ಸ್ವಿಚ್ಚು ಹಾಕಿದರೆ ಪೆಟ್ಟಿಗೆ ತಾನು ಸದ್ದು ಮಾಡುವುದಿಲ್ಲ. ಹತ್ತಿರದ ರೇಡಿಯೋ ಅದೇ ಅಂಕಿಯಲ್ಲಿದ್ದರೆ ಅದರೊಳಗಿಂದ ‘ಕೂಂ’ ಎನ್ನುತ್ತದೆ. ರೇಡಿಯೋ ನೆಟ್ಟಗೆ ಹಿಡಿಯುತ್ತಿದೆಯೋ ಇಲ್ಲವೋ ನೋಡಲು ಅವಳು ಅದನ್ನು ಕೊಂಡದ್ದು. ಆದರೆ ಮನೆಯಲ್ಲಿ ಅದಕ್ಕೆ ಬೇರೆ ಕೆಲಸ ಬಿತ್ತು. ಹೊಲಿಗೆ ಮಿಷನ್ನಿನ ಸದ್ದಿನಲ್ಲಿ ಅವಳು ಎಷ್ಟು ಕೂಗಿದರೂ ದರ್ಜಿಗೆ ಕೇಳಿಸುತ್ತಿರಲಿಲ್ಲ, ಅಥವಾ ಕೇಳಿಸದವನಂತೆ ಇರುತ್ತಿದ್ದ. ಅವನ ತಲೆಯ ಮೇಲಿನ ಹಲಗೆಯಲ್ಲಿ ರೇಡಿಯೋ ಮಾತ್ರ ಸದಾ ಹಾಡುತ್ತಿತ್ತು. ಒಂದು ದಿನ ಅವಳು ಬಿಲ್ಲೆಯನ್ನು ಅವನ ಸ್ಟೇಷನ್ನಿನ ಅಂಕಿಗೆ ತಿರುಗಿಸಿ, ಅಲ್ಲಿ ಉಗುರಿನ ಬಣ್ಣದಿಂದ ಕೆಂಪು ಚುಕ್ಕೆಯಿಟ್ಟಳು. ಅಂದಿನಿಂದ ಹಾಡಿನ ಮೇಲೆ ‘ಕೂಂ’ ಎಂದರೆ ಚಹಾ ಆಯ್ತು ಬಾ ಎಂದು. ಬಿಟ್ಟು ಬಿಟ್ಟು ಎಂದರೆ ಭಾರ ಎತ್ತಬೇಕು ಬಾ ಎಂದು. ನಿಲ್ಲಿಸದೇ ಎಂದರೆ, ಜಗಳ ಇನ್ನೂ ಮುಗಿದಿಲ್ಲ, ಬಾ ಎಂದು. ಮನೆಯವರು ಅದಕ್ಕೆ ಕೂಗುಪೆಟ್ಟಿಗೆ ಎಂದು ಹೆಸರಿಟ್ಟರು.

ಹಾಡು ಚೆನ್ನಾಗಿದ್ದಾಗಲೇ ಅವಳಿಗೆ ಕೂಗುವ ಹುಕಿ. ಅದರಲ್ಲೂ ದೋಣಿಯವನ ಹಾಡೊಂದಿತ್ತು, ದರ್ಜಿಗೆ ಪ್ರಾಣ. ಆ ಹಾಡು ಎರಡನೇ ಚರಣಕ್ಕೆ ಬಂತೆಂದರೆ ‘ಕೂಂ’.

“ದೋಣಿ ದಡ ಸೇರಿತೋ ಮುಳುಗಿತೋ, ಒಂದ್ಸಲನಾದ್ರೂ ಕೇಳೋಕೆ ಬಿಟ್ಟಿದ್ದೀಯೇನೆ ನೀನು?” ಎಂದು ಬೈಯುತ್ತಲೇ ಏಳುತ್ತಿದ್ದ. ಏಳುವ ಮೊದಲು ಕೂತಲ್ಲಿಂದಲೇ “ಬಂದೆ ಕಣೇ!” ಎನ್ನುತ್ತಿದ್ದ.

ಅವಳು ತೀರಿಹೋದ ಮೇಲೆ ಆ ಸ್ಟೇಷನ್ನೂ ಮುಚ್ಚಿತು. ರೇಡಿಯೋದ ಮುಳ್ಳನ್ನು ಅವನು ಆ ಜಾಗದಿಂದ ಸರಿಸಲೇ ಇಲ್ಲ. ದಿನವಿಡೀ ಬರೀ ಸುಯ್ ಎನ್ನುತ್ತಿತ್ತು. ಬಟ್ಟೆ ಕೊಡಲು ಬಂದವರು “ಕೆಟ್ಟಿದೆಯಲ್ಲ ರೇಡಿಯೋ” ಎಂದರೆ “ಹ್ಞೂಂ, ರಿಪೇರಿಯವರು ಸಿಕ್ಕಿಲ್ಲ” ಎಂದು ಅಳತೆಯ ಟೇಪು ಎತ್ತಿಕೊಳ್ಳುತ್ತಿದ್ದ.

ಆ ಮಧ್ಯಾಹ್ನ ಮಗಳು ಪೇಟೆಗೆ ಹೋದಾಗ ದರ್ಜಿ ಒಬ್ಬನೇ ಹಿಂದಿನ ಕೋಣೆಗೆ ಬಂದ. ಇಷ್ಟು ದಿನ ಧೂಳು ಒರೆಸಿದ್ದನೇ ಹೊರತು ಕೂಗುಪೆಟ್ಟಿಗೆಯ ಸ್ವಿಚ್ಚು ಮುಟ್ಟಿರಲಿಲ್ಲ. ಇವತ್ತು ಹಾಕಿದ. ಹಾಕಿ, ಅಡುಗೆಮನೆ ದಾಟಿ, ಬೇಗ ಬೇಗ ಅಂಗಡಿಗೆ ಬಂದು ರೇಡಿಯೋದ ಕೆಳಗೆ ನಿಂತ.

‘ಕೂಂ’ ಎನ್ನುತ್ತಿತ್ತು. ಅದೇ ದನಿ, ಒಂದಿಷ್ಟೂ ಬದಲಾಗಿರಲಿಲ್ಲ.

ನಿಂತೇ ಇದ್ದ. ತುಟಿಯವರೆಗೆ ಬಂದ ‘ಬಂದೆ ಕಣೇ’ ಅಲ್ಲೇ ಉಳಿಯಿತು. ಕರೆದವನೂ ತಾನೇ, ಕರೆಸಿಕೊಂಡವನೂ ತಾನೇ. ಹಿಂದಿನ ಕೋಣೆಗೆ ಹೋದರೆ ಅಲ್ಲಿ ಯಾರೂ ಇರುವುದಿಲ್ಲ. ಸ್ವಿಚ್ಚು ಆರಿಸಲಿಕ್ಕಾದರೂ ಹೋಗಲೇಬೇಕು. ಹೋದ. ಆರಿಸಿದ. ಮಗಳು ಬಂದಾಗ, “ಎಲ್ಲಾ ಕೊಟ್ಬಿಡಮ್ಮ, ಅದನ್ನೂ ಸೇರಿಸಿ” ಎಂದ.

ಶನಿವಾರ ತರಬೇತಿ ಶಾಲೆಯ ಮೇಷ್ಟ್ರು ಗಾಡಿ ತಂದರು. ಮಕ್ಕಳಿಗೆ ಕಲಿಸಲು ಇಂಥ ಸಾಮಾನು ಬೇಕೆಂದು ಹಿಂದೆಯೇ ಕೇಳಿಟ್ಟವರು. ಆಸಿಲೋಸ್ಕೋಪನ್ನು ಅವರೂ ಅಳಿಯನೂ ಏದುಸಿರು ಬಿಡುತ್ತ ಹೊತ್ತರು. ಮುಳ್ಳಿಲ್ಲದ ಮೀಟರೂ ಹೋಯಿತು. ಕೊನೆಗೆ ಮೇಷ್ಟ್ರು ಕೂಗುಪೆಟ್ಟಿಗೆ ಎತ್ತಿಕೊಂಡು, “ಈ ಕೆಂಪು ಚುಕ್ಕೆ ಏನಿದು? ಸ್ಪಿರಿಟ್ಟಲ್ಲಿ ಒರೆಸಿದ್ರೆ ಹೋಗುತ್ತೆ ಬಿಡಿ” ಎಂದರು.

ಮಗಳು ಮುಂದೆ ಬಂದಳು.

“ಅದು ಬೇಡ ಸರ್, ಇಟ್ಬಿಡಿ. ಅದು ರಿಪೇರಿ ಸಾಮಾನಲ್ಲ. ನಮ್ಮಮ್ಮ ಅಪ್ಪನ್ನ ಕೂಗ್ತಿದ್ದದ್ದು.”

“ಕೂಗೋರಿಲ್ಲದ ಮೇಲೆ ಇಟ್ಕೊಂಡು ಏನ್ ಮಾಡ್ತೀಯ?” ಎಂದು ದರ್ಜಿ ರೇಗಿದ. ರೇಗಿದನೇ ಹೊರತು, ಮೇಷ್ಟ್ರ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ಮತ್ತೆ ಕಿಟಕಿಯ ಪಕ್ಕ ಇಟ್ಟವನೂ ಅವನೇ.

ಭಾನುವಾರ ಅಕ್ಕ ಬಂದಳು. ಮಂಡಿ ಸೋತಿದ್ದರೂ ಬಾಯಿ ಸೋತಿರಲಿಲ್ಲ. ಹಾಸಿಗೆ ಎತ್ತರ ಹೆಚ್ಚಾಯಿತು, ಕಿಟಕಿಯಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ತಮ್ಮ ಇಳಿದುಹೋಗಿದ್ದಾನೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಎಲ್ಲ ಸರಿಹೋಯಿತು, ಒಂದು ಬಿಟ್ಟು. ಮಗಳು ಕೆಲಸಕ್ಕೆ ಹೋದ ಮೇಲೆ ಅಕ್ಕನಿಗೆ ಏನಾದರೂ ಬೇಕಾದರೆ ಕೂಗಬೇಕು, ದರ್ಜಿಗೆ ಕೇಳಿಸದು. ಲೋಟಕ್ಕೆ ಚಮಚ ಬಡಿದಳು. ಕೇಳಿಸಲಿಲ್ಲ.

“ಗಂಟಲು ಹರಿಯೋ ಹಾಗೆ ಕೂಗಿದೆ ಕಣೋ. ನಿನ್ನ ಮಿಷನ್ ಮುಂದೆ ನನ್ನ ಕೂಗು ಯಾವ ಮೂಲೆಗೆ! ನಾನು ಸತ್ತರೂ ನೀನು ಗುಂಡಿ ಹೊಲೀತಾ ಕೂತಿರ್ತೀಯ.”

ಮಗಳು ಆ ಸಂಜೆ ಅತ್ತೆಯ ಕಿವಿಯಲ್ಲಿ ಏನು ಹೇಳಿದಳೋ ದರ್ಜಿಗೆ ತಿಳಿಯದು.

ಮರುದಿನ ಅವನು ಪ್ಯಾಂಟೊಂದರ ಕಾಲು ಮಡಿಸಿ ಹೊಲಿಯುತ್ತಿದ್ದ. ರೇಡಿಯೋ ಎಂದಿನಂತೆ ಸುಯ್ ಎನ್ನುತ್ತಿತ್ತು. ಇದ್ದಕ್ಕಿದ್ದಂತೆ ಆ ಸುಯ್ ಅಡಗಿ, ‘ಕೂಂ’ ಎಂದಿತು.

ಕಾಲು ಪೆಡಲಿನ ಮೇಲೆ ನಿಂತಿತು.

“ಬಂದೆ ಕಣೇ! ಇದೊಂದು ಕಾಲು ಮುಗಿಸಿ—”

ಅಂದವನು ಎದ್ದೇಬಿಟ್ಟಿದ್ದ. ಹೆಗಲ ಮೇಲೆ ಟೇಪು, ಬಾಯಲ್ಲಿ ಗುಂಡುಸೂಜಿ. ಅಡುಗೆಮನೆ ದಾಟಿ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನೋಡಿದರೆ, ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅಕ್ಕ, ಸ್ವಿಚ್ಚಿನ ಮೇಲೆ ಬೆರಳು.

“ನೀರು ಬೇಕಿತ್ತು. ಅದ್ಸರಿ, ಯಾರಿಗೋ ‘ಕಣೇ’ ಅಂದಿದ್ದು?” ಎಂದು ನಗಲು ಹೊರಟವಳು ತಮ್ಮನ ಮುಖ ನೋಡಿ ಬೆರಳು ತೆಗೆದಳು. “ನಾನಿದನ್ನ ಮುಟ್ಟಬಾರದಾಗಿತ್ತು.”

ದರ್ಜಿ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗಿಗೆ ಚುಚ್ಚಿಕೊಂಡ. ನೀರು ತಂದುಕೊಟ್ಟ. ಹೊಸ್ತಿಲ ಮೇಲೆ ಕೂತ.

“ಅಷ್ಟು ದೂರ ಎದ್ದು ಬಂದೆ ಅಕ್ಕ. ಅಡುಗೆಮನೆ ದಾಟೋವರೆಗೂ ಅವಳೇ ಇದ್ದಳು.”

ಅಕ್ಕ ನೀರು ಕುಡಿಯದೆ ಲೋಟ ಹಿಡಿದುಕೊಂಡೇ ಇದ್ದಳು.

“ನಾಳೆಯಿಂದ ಚಮಚಾನೇ ಬಡೀತೀನಿ ಬಿಡು. ಇನ್ನೊಂದಿಷ್ಟು ದೊಡ್ಡ ಲೋಟ ಕೊಡು, ಸಾಕು.”

“ಬೇಡ, ಇದನ್ನೇ ಒತ್ತು.” ಅವನು ಪೆಟ್ಟಿಗೆಯ ಕಡೆ ನೋಡಿದ. “ಆದ್ರೆ ಖಾಲಿ ಸದ್ದಿನ ಮೇಲೆ ಅವಳು ಯಾವತ್ತೂ ಕೂಗಿದವಳಲ್ಲ. ಹಾಡು ಕೆಡಿಸಿಯೇ ಕೂಗ್ತಿದ್ದದ್ದು. ಅವಳು ಚುಕ್ಕೆಯಿಟ್ಟ ಜಾಗದಲ್ಲಿ ಈಗ ಹಾಡೇ ಇಲ್ಲ.”

ಸಂಜೆ ಮಗಳು ಬಂದ ಮೇಲೆ ಅವಳನ್ನು ಅಂಗಡಿಯಲ್ಲಿ ರೇಡಿಯೋದ ಮುಂದೆ ನಿಲ್ಲಿಸಿದ. ಇನ್ನೂ ಬದುಕಿರುವ ಸ್ಟೇಷನ್ನೊಂದನ್ನು ಹುಡುಕಿ ಹಾಕಿಸಿದ. ತಾನು ಹಿಂದೆ ಹೋಗಿ ಕೂಗುಪೆಟ್ಟಿಗೆಯ ಬಿಲ್ಲೆಯ ಮೇಲೆ ಕೈಯಿಟ್ಟ. ಹೆಂಡತಿಯ ಬೆರಳು ಕೊನೆಯ ಸಲ ಬಿಟ್ಟುಹೋದ ಜಾಗ ಅದು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದ. ಅಕ್ಕ ಕಿಟಕಿಯ ಹೊರಗೆ ನೋಡಿದಳು. ಆಮೇಲೆ ತಿರುಗಿಸಿದ. ಕೆಂಪು ಚುಕ್ಕೆ ಪಕ್ಕಕ್ಕೆ ಸರಿಯಿತು.

“ಬಂತಾ?” ಎಂದು ಕೂಗಿದ.

“ಇಲ್ಲ!” ಎಂದಳು ಮಗಳು ಮುಂದಿನಿಂದ.

“ಈಗ?”

“ಇಲ್ಲಪ್ಪ! ಬಂತು ಬಂತು— ಅಯ್ಯೋ ಹೋಯ್ತು! ಹಿಂದಕ್ಕೆ!”

“ಇನ್ನೂ ಹಿಂದಕ್ಕೇನೋ!” ಎಂದಳು ಅಕ್ಕ, ಅವಳಿಗೆ ರೇಡಿಯೋ ಕೇಳಿಸದಿದ್ದರೂ.

“ಬಂತು! ಅಲ್ಲೇ ಬಿಡು, ಮುಟ್ಟಬೇಡ!”

ದರ್ಜಿ ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತೆಗೆದು ಅಲ್ಲೊಂದು ಗೆರೆ ಎಳೆದ. ಕೆಂಪು ಚುಕ್ಕೆಯನ್ನು ಒರೆಸಲಿಲ್ಲ.

ಎರಡು ಮೂರು ದಿನಕ್ಕೆ ಹೊಸ ಸ್ಟೇಷನ್ನಿನಲ್ಲಿ ದೋಣಿಯವನ ಹಾಡು ಬಂತು. ದರ್ಜಿ ಅಂಗಿಯೊಂದಕ್ಕೆ ತೋಳು ಕೂಡಿಸುತ್ತಿದ್ದ. ಮೊದಲ ಚರಣ ಮುಗಿಯಿತು. ಎರಡನೆಯದಕ್ಕೆ ಬರುವಾಗ ಅವನಿಗೇ ಗೊತ್ತಾಗದಂತೆ ಪೆಡಲು ನಿಧಾನವಾಯಿತು. ಬಟ್ಟೆಯ ಮೇಲೆ ಕೈಯೊತ್ತಿ, ಕಿವಿ ಮೇಲಕ್ಕೆ ಮಾಡಿ ಕೂತ. ಬೈಗುಳ ನಾಲಗೆಯ ತುದಿಯಲ್ಲಿ ತಯಾರಿತ್ತು.

ಅಕ್ಕನಿಗೆ ಬಾಯಾರಿರಲಿಲ್ಲ. ಎರಡನೇ ಚರಣ ದಾಟಿತು, ಮೂರನೆಯದೂ ಒಂದಿತ್ತು. ಹಾಡು ಯಾರ ಅಡ್ಡಿಯೂ ಇಲ್ಲದೆ ಕೊನೆಯವರೆಗೆ ಹೋಯಿತು. ದೋಣಿ ದಡ ಸೇರಿತ್ತು.