ಬೆಳುವಾಯಿ ಶಾಖೆಯ ಮೇನ್ ಸ್ವಿಚ್

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ‘ಪಡುವಣದಲ್ಲಿ ಸೂರ್ಯ ಕೆಂಪಾಗಿ’ ಎಂದು ಅರ್ಧ ಸಾಲು ಬರೆದು ಹೊಡೆದುಹಾಕಿದೆ. ಸೂರ್ಯನಿಗೆ ಇಲ್ಲಿ ಕೆಲಸ ಇದೆ, ಆದರೆ ಈಗಲೇ ಅಲ್ಲ. ಕರೆದಾಗ ಬರಲಿ.

1

2004ರ ಅಕ್ಟೋಬರ್, ರಂಝಾನ್ ತಿಂಗಳು. ಒಂದು ಸಹಕಾರಿ ಸೊಸೈಟಿಯ ಬೆಳುವಾಯಿ ಶಾಖೆ. (ಹೆಸರು ಬರೆದರೆ ಅವರ ಮಹಾಸಭೆಯ ಅಜೆಂಡಾದಲ್ಲಿ ನಾನೂ ಒಂದು ಐಟಮ್ ಆಗುತ್ತೇನೆ.) ಅದರ ರೂಟರನ್ನು ಮೂಡುಬಿದಿರೆಯ ಹೆಡ್ಡಾಫೀಸಿನ ಜೊತೆ ಮಾತಾಡಿಸಲು ವಿಟ್ಲದ ಮುಝಮ್ಮಿಲ್ ಉಪವಾಸದಲ್ಲೇ ಬಂದಿದ್ದಾನೆ. ಲ್ಯಾಪ್‌ಟಾಪಿನಿಂದ ರೂಟರಿಗೆ ತಿಳಿನೀಲಿ ಕೇಬಲ್ ಚುಚ್ಚಿ, ಪುಸ್ತಕದಲ್ಲಿದ್ದ ಹಾಗೆ ಎರಡೂ ಮಾತಾಡಿಕೊಳ್ಳುವ ವೇಗ 9600 ಎಂದು ಕೊಟ್ಟ. ಪರದೆಯ ತುಂಬ ಸೊಟ್ಟಪಟ್ಟ ಚಿಹ್ನೆಗಳು ಬಿದ್ದವು. (ಹಾಗೆಯೇ ಪ್ರಿಂಟ್ ತೆಗೆದು ಕಳಿಸಿದ್ದರೆ ಯಾವುದಾದರೂ ವಿಶೇಷಾಂಕದಲ್ಲಿ ಆಧುನಿಕೋತ್ತರ ಎಂದು ಹಾಕುತ್ತಿದ್ದರು.) ಈ ರೂಟರ್ ಪೆಟ್ಟಿಗೆ ಎಲ್ಲೋ ಬಳಸಿ ಬಿಟ್ಟದ್ದು, ಯಾರೋ ಪುಣ್ಯಾತ್ಮ ವೇಗ ಬದಲಿಸಿ ಹೋಗಿದ್ದ. 2400, 4800 ಎಂದು ಒಂದೊಂದೇ ಕೊಟ್ಟು ನೋಡಿ, 19200ಕ್ಕೆ ಬಂದಾಗ ಅಕ್ಷರಗಳು ನೆಟ್ಟಗಾದವು.

ಕಥೆ ಇಲ್ಲಿಗೇ ಮುಗಿದಿತ್ತು. ಸಹಿ ಕೂಡ ಹಾಕಿದ್ದೆ.

2

‘ಮುಗೀಲಿಲ್ಲ ಸರ್,’ ಎಂದ ಮುಝಮ್ಮಿಲ್, ನನಗೇ. ‘ಇಪ್ಪತ್ನಾಲ್ಕು ಗಂಟೆ ಲಿಂಕ್ ಕಡಿಯದೆ ನಿಲ್ಲಬೇಕು. ಹಾಗೆ ನಿಂತಿತು ಅನ್ನುವ ಪೇಪರಿಗೆ ಇಲ್ಲಿನ ಸೆಕ್ರೆಟರಿ ಸೈನ್ ಹಾಕದಿದ್ರೆ ಸೋಮವಾರದಿಂದ ಬರುವುದು ಬೇಡ ಅಂತ ಹೇಳಿದ್ದಾರೆ ಮಂಗಳೂರಿನ ಬಾಸ್. ನಿಮಗೆ ಇದು ಕಥೆ.’

ಸೆಕ್ರೆಟರಿ ಎಂದರೆ ಭರತರಾಜರು. ಊರಿನ ಹಳೆಯ ಜೈನ ಮನೆತನದವರು, ಸುಳ್ಳು ಹೇಳದವರು. (ಕಥೆಗಾರನಿಗೆ ಇಂಥವರಿಂದ ನಯಾಪೈಸೆ ಉಪಯೋಗವಿಲ್ಲ.)

ಎರಡು ದಿನ ಮುಝಮ್ಮಿಲ್ ಮೂಡುಬಿದಿರೆಯಲ್ಲಿ ಕೂತು ಪಿಂಗ್ ಕೊಟ್ಟು (ಲೈನಿನಲ್ಲಿ ‘ಇದ್ದೀಯಾ’ ಎಂದು ಕೂಗಿ) ನೋಡಿದ. ಬೆಳುವಾಯಿ ದಿನವಿಡೀ ಓಗೊಡುತ್ತಿತ್ತು. ಸಂಜೆ ಐದೂ ಮುಕ್ಕಾಲಿಗೆ ಸರಿಯಾಗಿ ಸುಮ್ಮನಾಗುತ್ತಿತ್ತು. ಕೇಬಲ್ ಬದಲಿಸಿದ, ಮೋಡೆಮ್ ಬದಲಿಸಿದ. ಕೊನೆಗೆ ಫೋನ್ ಮಾಡಿದ.

‘ಸರ್, ಪೆಟ್ಟಿಗೆಯನ್ನು ಯಾರಾದ್ರೂ ಮುಟ್ಟಿದ್ರಾ?’

‘ಪೆಟ್ಟಿಗೆಯನ್ನು ಯಾರೂ ಮುಟ್ಟಲಿಲ್ಲ ಮಾರಾಯ್ರೆ.’

(ಇಲ್ಲಿ ಒಂದು ದೆವ್ವ ತರುವ ಆಲೋಚನೆಯಿತ್ತು. ಮುಝಮ್ಮಿಲನ ಮುಖ ನೋಡಿ ಬಿಟ್ಟೆ.)

3

ಶನಿವಾರ, ಕೊನೆಯ ಅವಕಾಶ. ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆಯನ್ನು ಹೊಸದಾಗಿ ಶುರು ಮಾಡಿ ಅವನು ಬೆಳುವಾಯಿಯಲ್ಲೇ ಕೂತ. ಐದೂ ಮುಕ್ಕಾಲಿಗೆ ಭರತರಾಜರು ಎದ್ದರು, ಕೊಡೆ ತೆಗೆದುಕೊಂಡರು, ಬಾಗಿಲ ಪಕ್ಕದ ಮೇನ್ ಸ್ವಿಚ್ಚಿಗೆ ಕೈ ಹಾಕಿದರು.

‘ಸರ್, ಅದು ಯಾಕೆ?’

‘ಹೊತ್ತು ಮುಳುಗುವ ಮೊದಲು ನನ್ನ ಊಟ ಆಗಬೇಕಲ್ಲ.’

‘ಊಟಕ್ಕೆ ಹೋಗಿ. ಸ್ವಿಚ್ ಯಾಕೆ?’

‘ಇದು ಕೊಯ್ಲಿನ ಸಮಯ. ಗದ್ದೆಯ ಹಸಿರು ಹುಳಗಳು ನಿಮ್ಮ ಪೆಟ್ಟಿಗೆಯ ದೀಪ ನೋಡಿ ಬರ್ತವೆ. ಸಂದಿಯಲ್ಲಿ ಒಳಗೆ ಹೋಗಿ ಬಿಸಿಗೆ ಸಾಯ್ತವೆ. ಪೆಟ್ಟಿಗೆ ಇಟ್ಟ ಮರುದಿನ ಬೆಳಿಗ್ಗೆ ಮೂವತ್ತೆರಡು ಬಿದ್ದಿದ್ದವು.’

4

ನನ್ನ ಬಳಿ ಅಂತ್ಯಗಳಿಗೆ ಬರವಿಲ್ಲ. ಒಂದು: ಸ್ವಿಚ್ ಆಫ್, ಕೆಲಸವೂ ಆಫ್. ಎರಡು: ಲಿಂಕ್ ಕಡಿಯಲಿಲ್ಲ ಎಂದು ಬರೆದು ಸೈನ್ ಹಾಕಿಸುವುದು.

‘ಅವರು ಹಾಕುವುದಿಲ್ಲ,’ ಎಂದ ಮುಝಮ್ಮಿಲ್. ‘ನಾನು ಕೇಳುವುದೂ ಇಲ್ಲ.’

ಮೂರು: ಪೆಟ್ಟಿಗೆಗೆ ಬಟ್ಟೆ ಸುತ್ತುವುದು.

‘ಗಾಳಿಯಿಲ್ಲದೆ ಪೆಟ್ಟಿಗೆಯೇ ಸಾಯ್ತದೆ. ಬರೆಯುವ ಮೊದಲು ಯಾರನ್ನಾದ್ರೂ ಕೇಳುವ ಅಭ್ಯಾಸ ಇಲ್ವಾ ಸರ್ ನಿಮಗೆ?’

ನಾನು ನಾಲ್ಕನೆಯದನ್ನು ಹುಡುಕುತ್ತಿರುವಾಗ, ಕರೆಯದೆಯೇ ಬಂದ ಸೂರ್ಯ ಮುಳುಗಿಯೂ ಆಗಿತ್ತು. ದೂರದ ಮಸೀದಿಯಿಂದ ಬಾಂಗ್ ಕೇಳಿಸಿತು. ಮುಝಮ್ಮಿಲನ ಉಪವಾಸ ಮುಗಿದ ಹೊತ್ತಿಗೇ ಭರತರಾಜರದ್ದು ಶುರುವಾಯಿತು. (ಇದನ್ನು ನಾನು ಕಟ್ಟಿದ್ದಲ್ಲ. ಕಟ್ಟಿದ್ದರೆ ಇಷ್ಟು ಅಚ್ಚುಕಟ್ಟಾಗಿ ಕಟ್ಟಲು ನಾಚಿಕೆಯಾಗುತ್ತಿತ್ತು.) ಅವನು ಕಿಸೆಯಿಂದ ಖರ್ಜೂರ ತೆಗೆದು, ಅಭ್ಯಾಸಬಲದಿಂದ ಅವರ ಕಡೆಗೂ ಒಂದನ್ನು ಚಾಚಿದ.

‘ನನಗಿನ್ನು ನಾಳೆ ಬೆಳಿಗ್ಗೆಯೇ. ನೀವು ತಿನ್ನಿ, ಹಸಿದಿದ್ದೀರಿ,’ ಎಂದರು ಭರತರಾಜರು. ‘ನಿಮ್ಮ ಪೆಟ್ಟಿಗೆಯದ್ದು ಎಷ್ಟು ಗಂಟೆಗೆ ಮುಗಿಯುವುದು?’

‘ನಾಳೆ ಹತ್ತಕ್ಕೆ ಸರ್.’

ಅವರು ಕೊಡೆಯನ್ನು ಮೂಲೆಗಿಟ್ಟರು. ಗೋಡೆಯ ಕ್ಯಾಲೆಂಡರಿನ ರಟ್ಟು ಬಿಚ್ಚಿ, ಪೆಟ್ಟಿಗೆಯ ಮುಂದೆ ಕುರ್ಚಿ ಎಳೆದು ಕೂತು, ಬರುವ ಹುಳಗಳನ್ನು ಮೆಲ್ಲಗೆ ಬೀಸಿ ಓಡಿಸತೊಡಗಿದರು. ನನ್ನ ದೆಸೆಯಿಂದ ಅವರ ಊಟ ತಪ್ಪಿತು. ನಿಜವಾಗಿಯೂ ನಾಚಿಕೆಯಾಯಿತು.

7

(ಐದು, ಆರು ಹರಿದೆ.) ಹತ್ತು ಗಂಟೆಗೆ ಏನಾಯಿತು, ಸೈನ್ ಬಿತ್ತೇ ಎಂದು ನೀವು ಕೇಳುತ್ತೀರಿ. ಅದನ್ನು ಬರೆಯಬೇಕಾದರೆ ನಡುವೆ ಕರೆಂಟು ಹೋಗುತ್ತದೋ ಇಲ್ಲವೋ ಎಂದು ನಾನು ತೀರ್ಮಾನಿಸಬೇಕು. ಕರೆಂಟು ಹೋದರೆ ಕಥೆಗೆ ಒಳ್ಳೆಯದು, ವಿಮರ್ಶಕರಿಗೂ ಖುಷಿ. ಪೆನ್ನು ಎತ್ತಿದೆ.

‘ಸರ್, ಆ ಸ್ವಿಚ್ಚಿನ ಹತ್ತಿರ ನಿಲ್ಲಬೇಡಿ,’ ಎಂದ ಮುಝಮ್ಮಿಲ್, ಖರ್ಜೂರ ಅಗಿಯುತ್ತ. ‘ಈಚೆ ಬನ್ನಿ. ಇನ್ನೊಂದು ರಟ್ಟು ಉಂಟು.’