ಹಳ್ಳಕ್ಕೆ ಬಿಡಬಾರದ ಮೀನು

ವರ್ಲಿನ್ ಹೆನ್ಸ್‌ಲಿಯ ಮನೆಯ ಹಿಂಬಾಗಿಲು ತೆಗೆದರೆ ಹಳ್ಳ. ಬಟ್ಟೆ ಒಣಹಾಕುವ ತಂತಿ ದಾಟಿ, ಸಿಕಮೋರ್ ಮರದ ಬೇರು ಹಿಡಿದು ಇಳಿದರೆ ಕಾಲು ನೀರಿನಲ್ಲಿ. ಅವನ ನಡುಮನೆಯ ಗಾಜಿನ ತೊಟ್ಟಿಯಲ್ಲಿದ್ದ ಮೀನು ಆ ಹಳ್ಳದಿಂದಲೇ ಬಂದದ್ದು. ಅದನ್ನು ಬಕೆಟ್ಟಿಗೆ ಹಾಕಿಕೊಂಡು ಹೋಗಿ ಸುರಿದು ಬರಲು ಒಂದು ಸಿಗರೇಟು ಸೇದುವಷ್ಟು ಹೊತ್ತು ಸಾಕು. ವರ್ಲಿನ್ ಅದೊಂದನ್ನು ಮಾತ್ರ ಮಾಡಲು ಒಪ್ಪುತ್ತಿರಲಿಲ್ಲ. ಮನೆಯಲ್ಲಿ ದಿನಾ ಅದೇ ರಾಮಾಯಣ.

ಮೀನು ಚಬ್ ಜಾತಿಯ ಗಂಡು, ಗೇಣಿಗಿಂತ ಒಂದಿಷ್ಟು ಉದ್ದ. ಊರಿನವರ ಪಾಲಿಗೆ ಅದು ದೊಡ್ಡ ಮೀನು ಹಿಡಿಯಲು ಗಾಳಕ್ಕೆ ಸಿಕ್ಕಿಸುವ ಎರೆ, ಅಷ್ಟೆ. ಆದರೆ ವಸಂತ ಬಂತೆಂದರೆ ಅದರ ತಲೆ ಊದಿಕೊಂಡು, ಮೇಲೆಲ್ಲ ಹಲಸಿನ ಸಿಪ್ಪೆಯ ಹಾಗೆ ಮುಳ್ಳುಮುಳ್ಳಾಗಿ, ಕೆನ್ನೆ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ಅದಕ್ಕೆ ಕೆಲಸದ ಹುಚ್ಚು. ತಳದ ಬೆಣಚುಕಲ್ಲುಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ತಂದು ಮೂಲೆಯಲ್ಲಿ ಗುಡ್ಡೆ ಹಾಕುವುದು. ಹಳ್ಳದಲ್ಲಾದರೆ ಆ ಗುಡ್ಡೆಯಲ್ಲಿ ಹೆಣ್ಣು ಬಂದು ಮೊಟ್ಟೆಯಿಡುತ್ತದೆ. ಕೆಂಪು ಹೊಟ್ಟೆಯ ಡೇಸ್ ಎಂಬ ಪುಟ್ಟ ಮೀನುಗಳೂ ಬಾಡಿಗೆ ಕೊಡದೆ ಅಲ್ಲೇ ಮೊಟ್ಟೆಯಿಟ್ಟು ಹೋಗುತ್ತವೆ. ತೊಟ್ಟಿಯಲ್ಲಿ ಹೆಣ್ಣೂ ಇರಲಿಲ್ಲ, ಬಾಡಿಗೆಯವರೂ ಇರಲಿಲ್ಲ. ಆದರೂ ಅದು ವರ್ಷವರ್ಷವೂ ಗುಡ್ಡೆ ಕಟ್ಟುತ್ತಿತ್ತು. ವರ್ಲಿನ್‌ನ ಹೆಂಡತಿ ಅರ್ಲೀನ್ ಅದಕ್ಕೆ ಕಂಟ್ರಾಕ್ಟರ್ ಎಂದು ಹೆಸರಿಟ್ಟಿದ್ದಳು.

ಅರ್ಲೀನ್‌ಗೆ ನಾಕ್ಸ್‌ವಿಲ್ ನಗರದ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಮೇಲ್ವಿಚಾರಕಿಯ ಕೆಲಸ ಸಿಕ್ಕಿತ್ತು. ಶಾಲಾ ಬಸ್ಸು ರಿಪೇರಿ ಮಾಡುವ ವರ್ಲಿನ್‌ಗೆ ಎಲ್ಲಿ ಹೋದರೂ ಕೆಲಸ ಸಿಗುತ್ತಿತ್ತು. ಮನೆ ಮಾರಿ ಆಗಿತ್ತು. ಹೋಗಬೇಕಿದ್ದದ್ದು ಮೂರನೇ ಮಹಡಿಯ ಬಾಡಿಗೆ ಮನೆಗೆ; ಅಲ್ಲಿ ನಾಯಿ ಸಾಕಬಹುದು, ತೋಳಲ್ಲಿ ಅಪ್ಪಿ ಎತ್ತಲಾಗದ ತೊಟ್ಟಿ ಇಡುವಂತಿಲ್ಲ. ಈ ಮೀನಿಗೆ ಆಳುದ್ದದ ತೊಟ್ಟಿ ಬೇಕು. ಹಳ್ಳದಲ್ಲಿ ಹಿಡಿದದ್ದನ್ನು ಮಾರುವಂತೆಯೂ ಇಲ್ಲ, ಮಾರಿದರೂ ಕೊಳ್ಳುವ ಹುಚ್ಚರಿಲ್ಲ.

"ಅದರ ತವರುಮನೆ ಕಿಟಕಿಯಿಂದಾನೇ ಕಾಣ್ತಾ ಇದೆ ಕಣೋ," ಎಂದಳು ಅರ್ಲೀನ್, ಬನ್ನಿನಂಥ ಬಿಸಿ ಬಿಸ್ಕತ್ತಿನ ಮೇಲೆ ಗ್ರೇವಿ ಸುರಿಯುತ್ತ. "ಕಳಿಸಿಕೊಟ್ರೆ ಮುಗೀತಲ್ಲ."

"ಐದು ವರ್ಷದಿಂದ ತೊಟ್ಟೀಲಿದೆ. ಎಲ್ಲೆಲ್ಲಿಂದಲೋ ಬಂದ ಹುಳ ತಿಂದಿದೆ. ಬೇರೆ ಹಳ್ಳದ ಮೀನುಗಳ ಜೊತೆ ಮೈ ಉಜ್ಜಿದೆ. ಅದರ ಮೈಯಲ್ಲಿ ಯಾವ ರೋಗ ಕೂತಿದೆಯೋ ಯಾರು ಕಂಡಿದಾರೆ? ಅದಕ್ಕೇನೂ ಆಗ್ದೆ, ಹಳ್ಳದಲ್ಲಿರೋವೆಲ್ಲ ಹೊಟ್ಟೆ ಮೇಲೆ ಮಾಡ್ಕೊಂಡು ತೇಲಿದ್ರೆ?"

"ನೆಗಡಿ ಆದೋರನ್ನೂ ಚರ್ಚಿಗೆ ಬಿಟ್ಕೋತಾರಪ್ಪ."

"ಚರ್ಚಿನೋರು ಸತ್ರೆ ಬೇರೆ ಜನ ಬರ್ತಾರೆ. ಈ ಹಳ್ಳಕ್ಕೆ ಯಾರು ಬರ್ತಾರೆ?"

ಅರ್ಲೀನ್ ತಟ್ಟೆ ಅವನ ಕಡೆ ತಳ್ಳಿದಳು. ಮೀನಿನ ವಿಷಯ ಬಂದಾಗ ಗಂಡನ ಜೊತೆ ವಾದಕ್ಕಿಳಿದರೆ ಊಟ ಆರಿಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಇದು ವರ್ಲಿನ್ ಒಬ್ಬನ ಹಟವಲ್ಲ. ಆ ಬೆಟ್ಟಗಳ ನಡುವೆ ಹಳ್ಳದ ಮೀನು ಸಾಕುವವರದ್ದೇ ಒಂದು ಸಂಘವಿತ್ತು. ತಿಂಗಳಿಗೊಮ್ಮೆ ಲೈಬ್ರರಿಯ ನೆಲಮಾಳಿಗೆಯಲ್ಲಿ ಸೇರಿ, ಜೋಳದ ರೊಟ್ಟಿ, ಬೇಯಿಸಿದ ಹುರುಳಿಕಾಯಿ ತಿಂದು, ಯಾರ ತೊಟ್ಟಿಯಲ್ಲಿ ಯಾವುದು ಮರಿ ಹಾಕಿತೆಂದು ಮಾತಾಡಿ ಏಳುತ್ತಿದ್ದರು. ನಿಯಮಗಳು ಹೆಚ್ಚಿರಲಿಲ್ಲ. ಬೇಕಾದಷ್ಟೇ ಹಿಡಿ, ಒಮ್ಮೆ ತಂದ ಮೀನು ಮತ್ತೆ ಹಳ್ಳ ಕಾಣಬಾರದು. ಎರಡನೆಯದನ್ನು ವರ್ಲಿನ್ ಪ್ರತಿ ಸಭೆಯಲ್ಲೂ ಎದ್ದು ನಿಂತು ಹೇಳುತ್ತಿದ್ದ. ಅವನೇ ಅಧ್ಯಕ್ಷ. ಬೇರೆ ಎಲ್ಲರೂ ಆ ಕುರ್ಚಿ ಬೇಡವೆಂದದ್ದರಿಂದ ಅವನೇ ಅಧ್ಯಕ್ಷನಾಗಿ ಉಳಿದಿದ್ದ, ಅದನ್ನು ಅವನು ಗೌರವವೆಂದು ತಿಳಿದಿದ್ದ.

ಈಗ ಅದೇ ಸಂಘದವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿದ. ಎಲ್ಲರೂ ಪ್ರೀತಿಯಿಂದಲೇ ಮಾತಾಡಿದರು. ಒಬ್ಬ, "ನನ್ನ ತೊಟ್ಟೀಲಿ ಬೆರಳುದ್ದದ ಮರಿಗಳಿವೆ ಗುರುವೇ, ನಿನ್ನ ರಾಕ್ಷಸ ಸಂಜೆಯೊಳಗೆ ಗುಳುಂ ಮಾಡತ್ತೆ," ಎಂದ. ಇನ್ನೊಬ್ಬನ ಹೆಂಡತಿಗೆ ದೊಡ್ಡ ಮೀನು ಕಂಡರೆ ಆಗದು. ಮತ್ತೊಬ್ಬ ಬಹಳ ಹೊತ್ತು ಕೆಮ್ಮಿ, ಲವಂಗದ ಎಣ್ಣೆಯ ಮಾತೆತ್ತಿದ. ಬಕೆಟ್ ನೀರಿಗೆ ಒಂದಿಷ್ಟು ಬೆರೆಸಿದರೆ ಮೀನು ನಿದ್ದೆ ಹೋಗುತ್ತದೆ, ಏಳುವುದಿಲ್ಲ. ನೋವಿಲ್ಲ. ವರ್ಲಿನ್ ತಾನೇ ಎಷ್ಟೋ ಜನರಿಗೆ ಹೇಳಿಕೊಟ್ಟ ಉಪಾಯವದು.

ಅವನು ಎಣ್ಣೆಯ ಬಾಟಲಿ ತಂದ. ತೊಟ್ಟಿಯ ಮುಂದೆ ಬಕೆಟ್ ಇಟ್ಟು ಕುಕ್ಕರುಗಾಲಲ್ಲಿ ಕೂತ. ಕಂಟ್ರಾಕ್ಟರ್ ತನ್ನ ತಲೆಯಷ್ಟೇ ದೊಡ್ಡ ಕಲ್ಲೊಂದನ್ನು ಕಚ್ಚಿ ಎಳೆಯುತ್ತಿತ್ತು, ಬಾಯಿಂದ ಜಾರಿತು, ಮತ್ತೆ ಕಚ್ಚಿತು. ವರ್ಲಿನ್ ಬಾಟಲಿಯ ಮುಚ್ಚಳ ತೆಗೆದು, ಮೂಸಿ, ಮತ್ತೆ ಮುಚ್ಚಿದ. ತನ್ನ ಕೈಯಲ್ಲಿ ಇದು ಆಗದು ಎಂದು ಅವನಿಗೆ ಗೊತ್ತಾಯಿತು. ಗೊತ್ತಾಗಿ ತನ್ನ ಮೇಲೇ ಸಿಟ್ಟು ಬಂತು.

ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದ ಅರ್ಲೀನ್ ತಲೆಯೆತ್ತದೆ ಹೇಳಿದಳು: "ಇನ್ನೊಬ್ಬಳು ಇದಾಳಲ್ಲ. ಅವಳಿಗೆ ಮಾತ್ರ ಫೋನ್ ಮಾಡ್ಲಿಲ್ಲ ನೀನು."

"ಯಾರು?"

"ಯಾರು ಅಂತೆ. ಮುಖ ನೋಡು."

ಅವಳು ಹೇಳಿದ್ದು ಟ್ವೈಲಾ ಕಾಡಿಲ್‌ಳನ್ನು. ಪಕ್ಕದ ಕಣಿವೆಯವಳು, ವರ್ಲಿನ್‌ನ ಶಾಲೆಯ ಜೊತೆಯವಳು, ಸಂಘ ಶುರು ಮಾಡಿದವರಲ್ಲಿ ಒಬ್ಬಳು. ಕೆಲವು ವರ್ಷಗಳ ಹಿಂದೆ ಗಂಡ ಹಾರ್ಲನ್ ಕಾಯಿಲೆ ಬಿದ್ದಾಗ ಅವಳು ತೊಟ್ಟಿಯಲ್ಲಿದ್ದ ಡಾರ್ಟರ್ ಎಂಬ ಪುಟ್ಟ ಮೀನುಗಳನ್ನೆಲ್ಲ ಹಳ್ಳಕ್ಕೆ ಬಿಟ್ಟುಬಂದಿದ್ದಳು, ಅದನ್ನು ಮುಚ್ಚಿಡದೆ ಹೇಳಿಯೂ ಇದ್ದಳು. ಮುಂದಿನ ಸಭೆಯಲ್ಲಿ ವರ್ಲಿನ್ ಎದ್ದು ನಿಂತು, ನಿಯಮ ಎಲ್ಲರಿಗೂ ಒಂದೇ ಎಂದು ಹೇಳಿ, ಅವಳ ಹೆಸರು ತೆಗೆಸಿದ. ಅವಳು ತಾನು ತಂದ ರೊಟ್ಟಿಯ ಬಾಣಲೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟುಹೋದಳು. ಅಲ್ಲಿಂದೀಚೆಗೆ ಪೇಟೆಯಲ್ಲಿ ಎದುರಾದರೆ ಇಬ್ಬರೂ ತಲೆಯಾಡಿಸುತ್ತಿದ್ದರು, ಮಾತಿಲ್ಲ. ಈಗ ಅವಳ ಹತ್ತಿರ ಇಡೀ ಕೌಂಟಿಯಲ್ಲೇ ದೊಡ್ಡ ತೊಟ್ಟಿಯಿದೆ ಎಂಬ ಸುದ್ದಿ ಎಲ್ಲರಿಗೂ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ವರ್ಲಿನ್ ಮೀನನ್ನು ಮುಚ್ಚಳದ ಬಕೆಟ್ಟಿಗೆ ಹಾಕಿ, ಗಾಳಿ ಬಿಡುವ ಪುಟ್ಟ ಪಂಪು ಸಿಕ್ಕಿಸಿ, ಟ್ರಕ್ಕಿನ ಪಕ್ಕದ ಸೀಟಿನಲ್ಲಿಟ್ಟು ಬೆಲ್ಟ್ ಬಿಗಿದು ಹೊರಟ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ.

ಟ್ವೈಲಾ ಜಗಲಿಯ ಮೆಟ್ಟಿಲ ಮೇಲೆ ಕೂತು ಕಾಡುಬೆಳ್ಳುಳ್ಳಿ ಸೊಪ್ಪಿನ ಮಣ್ಣು ಬಿಡಿಸುತ್ತಿದ್ದಳು. ಟ್ರಕ್ಕು ನಿಂತರೂ ಕೈ ನಿಲ್ಲಿಸಲಿಲ್ಲ.

"ಓಹೋ, ಅಧ್ಯಕ್ಷರು! ದಾರಿ ತಪ್ಪಿದ್ರೋ, ಇಲ್ಲಾ ನನ್ನನ್ನ ಇನ್ನೂ ಯಾವುದರಿಂದಾದ್ರೂ ತೆಗೆದುಹಾಕೋಕೆ ಬಂದ್ರೋ?"

"ಟ್ವೈಲಾ..."

"ಹೊಲಿಗೆ ಗುಂಪಲ್ಲಿ ನನ್ನ ಹೆಸರಿನ್ನೂ ಇದೆ ನೋಡಿ."

ವರ್ಲಿನ್ ಬಾಯಿಪಾಠ ಮಾಡಿದ್ದೆಲ್ಲ ಮರೆತು, ಬಕೆಟ್ ಎತ್ತಿ ತೋರಿಸಿದ. ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದು ಮುಚ್ಚಳ ಸರಿಸಿ ನೋಡಿದಳು. ಅವಳ ಮುಖದಲ್ಲಿ ಮೊದಲು ಕಂಡದ್ದು ಬರೀ ಖುಷಿ.

"ಅಯ್ಯೋ ನಿನ್ನ! ತಲೆ ನೋಡು ಇವನದ್ದು! ಗೂಡು ಕಟ್ತಾ ಇದ್ನಾ?"

"ಅರ್ಧ ಕಟ್ಟಿದ್ದ."

"ಅರ್ಧಕ್ಕೇ ಎಬ್ಬಿಸ್ಕೊಂಡು ಬಂದ್ಯಾ? ಪಾಪಿ. ಬಾ ಒಳಗೆ."

ಅವನು ಕೇಳಿರಲೇ ಇಲ್ಲ. ಕೇಳುವ ಮೊದಲೇ ಅವಳು ಬಕೆಟ್ಟಿನ ಒಂದು ಕಡೆ ಹಿಡಿದಾಗಿತ್ತು.

ಹಿಂಬದಿಯ ಕೊಠಡಿಯಲ್ಲಿ ಅವಳ ತೊಟ್ಟಿ. ಡೈರಿಯಲ್ಲಿ ಹಾಲು ತಂಪಾಗಿಡುತ್ತಿದ್ದ ಹಳೆಯ ಉದ್ದನೆ ತೊಟ್ಟಿಗೆ ಒಂದು ಪಕ್ಕ ಕೊಯ್ದು ದಪ್ಪ ಗಾಜು ಕೂರಿಸಿದ್ದಳು. ಬೆಟ್ಟದ ಒರತೆಯ ನೀರು ಪೈಪಿನಲ್ಲಿ ಬಂದು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದುಹೋಗುತ್ತಿತ್ತು. ವರ್ಲಿನ್‌ಗೆ ಹೊಟ್ಟೆಕಿಚ್ಚಾಯಿತು. ಆದರೆ ಮೀನನ್ನು ಹಾಗೇ ಹೊಸ ನೀರಿಗೆ ಎತ್ತಿಹಾಕುವಂತಿಲ್ಲ. ಬಕೆಟ್ಟಿಗೆ ಆ ನೀರನ್ನು ಲೋಟಲೋಟವಾಗಿ ಬೆರೆಸುತ್ತ, ನಡುನಡುವೆ ಬಿಟ್ಟು, ಮೈಗೆ ಒಗ್ಗಿಸಬೇಕು. ಒಂದು ಗಂಟೆಯಾದರೂ ಹಿಡಿಯುತ್ತದೆ. ಬಕೆಟ್ ಕೊಟ್ಟು ಓಡಿಹೋಗುವ ದಾರಿಯೇ ಇರಲಿಲ್ಲ. ಇಬ್ಬರೂ ಎರಡು ಮುಕ್ಕಾಲಿಗಳ ಮೇಲೆ, ನಡುವೆ ಬಕೆಟ್ ಇಟ್ಟುಕೊಂಡು ಕೂತರು.

ಎರಡನೆಯ ಲೋಟ ಸುರಿದು ವರ್ಲಿನ್ ಶುರು ಮಾಡಿದ. "ಮುಂದಿನ ಸಭೇಲಿ ನಾನೇ ಎದ್ದು ಹೇಳ್ತೀನಿ. ನಿನ್ನ ಹೆಸರು ಮತ್ತೆ ಸೇರಿಸ್ಬೇಕು ಅಂತ. ನೀನು ಮಾಡಿದ್ದು ತಪ್ಪಲ್ಲ ಅಂತ."

"ತಪ್ಪಲ್ವಾ?" ಟ್ವೈಲಾ ಹುಬ್ಬೇರಿಸಿದಳು. "ಹಂಗಾದ್ರೆ ಇವನನ್ನ ನಿನ್ನ ಹಿತ್ತಲಿನ ಹಳ್ಳಕ್ಕೆ ಸುರಿದಿದ್ರೆ ಆಗ್ತಿತ್ತಲ್ಲ. ಇಲ್ಲಿಗ್ಯಾಕೆ ಹೊತ್ಕೊಂಡು ಬಂದೆ?"

ವರ್ಲಿನ್ ಲೋಟವನ್ನು ಅವಳ ಕಡೆ ಚಾಚಿದ.

"ತಪ್ಪೇ ಕಣೋ. ನಂಗಾಗಿ ಸುಳ್ಳು ಹೇಳೋಕೆ ಹೋಗ್ಬೇಡ. ಬಿಟ್ಟ ದಿನದಿಂದ ನಾನು ಆ ಹಳ್ಳದ ಕಡೆ ಕಾಲಿಟ್ಟಿಲ್ಲ. ಹೋದ್ರೆ ಏನು ತೇಲ್ತಾ ಇರತ್ತೋ ಅಂತ ಭಯ. ನಿಯಮ ಸರಿಯಾಗಿದೆ. ಸಭೇಲಿ ನೀನು ಹೇಳಿದ್ರಲ್ಲಿ ಒಂದು ಮಾತೂ ಸುಳ್ಳಿರ್ಲಿಲ್ಲ."

ಅವಳು ಲೋಟ ಅದ್ದಿ, ಬಕೆಟ್ಟಿನ ಅಂಚಿನಿಂದ ಮೆಲ್ಲಗೆ ಸುರಿದಳು.

"ಆದ್ರೆ ಹಳ್ಳಕ್ಕೆ ಬಿಡೋಕೂ ಮುಂಚೆ ನಿನಗೆ ಫೋನ್ ಮಾಡಿದ್ದೆ. ಎಲ್ಲಾರಿಗಿಂತ ಮೊದಲು ನಿನಗೇ. ನೆನಪಿದೆಯಾ?"

"ಮಾಡಿದ್ಯಾ?"

"ಹಾರ್ಲನ್ ಆಸ್ಪತ್ರೇಲಿದ್ದ. ನಾನು ಹಗಲೂ ರಾತ್ರಿ ಅಲ್ಲೇ ಕುರ್ಚಿ ಮೇಲೆ. ಮನೇಲಿ ಮೀನುಗಳಿಗೆ ಹುಳ ಹಾಕೋರು, ನೀರು ಬದಲಿಸೋರು ಯಾರೂ ಇಲ್ಲ. ನಿನ್ನ ಪಡಸಾಲೇಲಿ ಒಂದು ತೊಟ್ಟಿ ಖಾಲಿ ಇತ್ತು. ಅದರ ಹಿಂದಿನ ವಾರ ನಾನೇ ಕಣ್ಣಾರೆ ನೋಡಿದ್ದೆ. ಸ್ವಲ್ಪ ದಿನ ಇಟ್ಕೋ ಅಂದೆ. ನೀನೇನಂದೆ ಗೊತ್ತಾ?"

ವರ್ಲಿನ್‌ಗೆ ನೆನಪಾಯಿತು. ವಸಂತಕ್ಕೆ ಡೇಸ್ ತರಬೇಕು, ತೊಟ್ಟಿ ಅದಕ್ಕೆಂದೇ ಇಟ್ಟದ್ದು ಎಂದಿದ್ದ. ಆಮೇಲೆ, ಫೋನ್ ಇಡುವ ಮೊದಲು, ಏನೇ ಆದರೂ ಹಳ್ಳಕ್ಕೆ ಬಿಡಬಾರದು ಎಂದು ಬುದ್ಧಿ ಹೇಳಿದ್ದ. ಆ ವಸಂತದಲ್ಲಿ ಬೆನ್ನುನೋವೆಂದು ಡೇಸ್ ಹಿಡಿಯಲು ಹೋಗಲೇ ಇಲ್ಲ. ಖಾಲಿ ತೊಟ್ಟಿಯ ಮೇಲೆ ಹಳೆಯ ಪತ್ರಿಕೆಗಳು ಕೂತವು. ಇದು ಅವನ ಮನಸ್ಸಿಗೆ ಒಂದು ದಿನವೂ ಬಂದಿರಲಿಲ್ಲ. ಸಭೆಯಲ್ಲಿ ಎದ್ದು ನಿಂತಾಗಲೂ ಬಂದಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ನಾನು..." ಎನ್ನುತ್ತ ಲೋಟ ತೆಗೆದುಕೊಂಡು ಒಮ್ಮೆಲೇ ಸುರಿದ.

"ಲೋಟ ಕೊಡು ಇಲ್ಲಿ," ಎಂದಳು ಟ್ವೈಲಾ. "ನಿನ್ನ ಸರದೀಲಿ ಜೋರಾಗಿ ಸುರೀತೀಯ."

ಉಳಿದ ಹೊತ್ತೆಲ್ಲ ಅವಳು ಬೇಕಾದ ಪ್ರಶ್ನೆಗಳನ್ನಷ್ಟೇ ಕೇಳಿದಳು. ಹುಳ ತಿನ್ನುತ್ತದೋ, ಒಣಕಾಳೂ ಆಗುತ್ತದೋ. ಚಳಿಗಾಲದಲ್ಲಿ ಕಡಿಮೆ ಹಾಕಬೇಕೋ. ಹಾರಿ ಹೊರಗೆ ಬೀಳುವ ಚಾಳಿಯಿದೆಯೋ. ಅವನು ಒಂದೊಂದಕ್ಕೂ ಉತ್ತರ ಕೊಟ್ಟ. ಕೊನೆಗೆ ಇಬ್ಬರೂ ಸೇರಿ ಬಕೆಟ್ ಬಾಗಿಸಿದರು. ಚಬ್ ತೊಟ್ಟಿಯ ತಳಕ್ಕಿಳಿದು ಮೂಲೆಗೆ ಸರಿದು, ಅಲುಗದೆ ನಿಂತಿತು.

ವರ್ಲಿನ್ ಖಾಲಿ ಬಕೆಟ್ ಎತ್ತಿಕೊಂಡು ಬಾಗಿಲವರೆಗೆ ಹೋದವನು ಅಲ್ಲೇ ನಿಂತ.

"ನಿನ್ನ ಡಾರ್ಟರ್ ಎಷ್ಟಿದ್ವು ಆಗ?"

"ಹನ್ನೊಂದು."

"ನನ್ನ ತೊಟ್ಟೀಲಿ ಅಷ್ಟೂ ಹಿಡೀತಿದ್ವು," ಎಂದ ವರ್ಲಿನ್.

"ಗೊತ್ತು," ಎಂದು ಟ್ವೈಲಾ ಒದ್ದೆ ಕೈ ಒರೆಸಿಕೊಂಡಳು.